ಮನೆಕೂಟದ ಬಾಗಿಲು ಪಕ್ಕದ ಮನೆಗೂ ತೆರೆಯಲಿ: ಗೃಹಕೂಟಗಳು ಸುವಾರ್ತೆ ಹಂಚುವ ಬಗೆ

ಪ್ರತಿ ಗುರುವಾರ ಸಂಜೆ ಏಳಕ್ಕೆ ನಮ್ಮ ಬಡಾವಣೆಯ ಒಂದು ಮನೆಯ ಮುಂದೆ ಹನ್ನೆರಡು ಹದಿಮೂರು ಜೊತೆ ಚಪ್ಪಲಿ ಸೇರುತ್ತಿದ್ದವು. ಒಳಗೆ ಎರಡು ಕೀರ್ತನೆ, ಸತ್ಯವೇದದ ಒಂದು ಅಧ್ಯಾಯ, ಪ್ರಾರ್ಥನೆ, ಆಮೇಲೆ ಕಾಫಿ. ಹೀಗೇ ಏಳು ವರ್ಷ ನಡೆಯಿತು. ಒಂದು ದಿನ ಎದುರುಮನೆಯ ಆಂಟಿ ತರಕಾರಿ ಗಾಡಿಯ ಹತ್ತಿರ ನನ್ನನ್ನು ನಿಲ್ಲಿಸಿ, "ನಿಮ್ಮಲ್ಲಿ ವಾರಾವಾರಾ ಏನೋ ಪೂಜೆ ಇರುತ್ತಲ್ಲ, ಅದಕ್ಕೆ ನಾವೂ ಬರಬಹುದಾ, ಇಲ್ಲಾ ನಿಮ್ಮ ಜನಕ್ಕೆ ಮಾತ್ರಾನಾ?" ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರು ಬಂದರೆ ಎಲ್ಲಿ ಕೂರಿಸುವುದು, ಏನು ಹಾಡುವುದು, ನಮ್ಮ ಮಾತು ಅವರಿಗೆ ಅರ್ಥವಾಗುತ್ತದೆಯೇ ಎಂದು ನಾವು ಯಾರೂ ಒಮ್ಮೆಯೂ ಯೋಚಿಸಿರಲಿಲ್ಲ.

ಅಂದಿನಿಂದ ನಾವು ತಿದ್ದಿಕೊಂಡು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೃಹಕೂಟ, ಸೆಲ್ ಗ್ರೂಪ್, ಕಾಟೇಜ್ ಪ್ರೇಯರ್, ಕಿರು ಕ್ರೈಸ್ತ ಸಮುದಾಯ, ನಿಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಯಾವ ಹೆಸರಿದ್ದರೂ ಸರಿ, ಹತ್ತು ಹನ್ನೆರಡು ಜನ ಸೇರುವ ಕೂಟಕ್ಕೆ ಇದು ಹೊಂದುತ್ತದೆ. ಮೈಕು, ಪೆಂಡಾಲು, ಕರಪತ್ರ ಯಾವುದೂ ಬೇಕಾಗಿಲ್ಲ.

ಮೊದಲ ಹೆಜ್ಜೆ: ಒಬ್ಬರ ಮನೆಗೆ ಒಬ್ಬರು ಹೋಗಿ

ಹೊರಗಿನವರನ್ನು ಕರೆಯುವ ಮುಂಚೆ ಒಂದು ತಿಂಗಳು ಕೂಟದವರೇ ಪರಸ್ಪರ ಮನೆಗಳಿಗೆ ಹೋಗಿಬನ್ನಿ. ಇದಕ್ಕೊಂದು ಹಳೆಯ ಕಥೆ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಸಂಗಿ ಜಾನ್ ವೆಸ್ಲಿಯವರ ಕೂಟಕ್ಕೆ ಕಟ್ಟಡದ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡುವುದು, ಸುಮಾರು ಹನ್ನೆರಡು ಜನರಿಗೆ ಒಬ್ಬರಂತೆ ಮನೆಮನೆಗೆ ಹೋಗಿ ಅದನ್ನು ಸಂಗ್ರಹಿಸುವುದು ಎಂದು ಗೊತ್ತುಮಾಡಿಕೊಂಡರು. ಕಾಸು ಕೇಳಲು ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲವೂ ಕಂಡವು. ವಸೂಲಿಯ ಏರ್ಪಾಡು ಆರೈಕೆಯ ಏರ್ಪಾಡಾಯಿತು. ವೆಸ್ಲಿಯವರ ಅನುಯಾಯಿಗಳಾದ ಮೆಥಡಿಸ್ಟರ 'ಕ್ಲಾಸ್ ಮೀಟಿಂಗ್' ಹುಟ್ಟಿದ್ದು ಹಾಗೆ. ಮುಂದೆ ಮೈಸೂರು ಸೀಮೆಗೆ ವೆಸ್ಲಿಯನ್ ಮಿಷನರಿಗಳು ಬಂದರು, 1947ರಲ್ಲಿ ಅವರ ಸಭೆಗಳೂ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಸೇರಿದವು. ನಮ್ಮಲ್ಲಿ ಅನೇಕರ ಗುರುವಾರದ ಕೂಟದ ಬೇರು ಆ ಪೆನ್ನಿಯ ಲೆಕ್ಕದಲ್ಲಿದೆ.

ಹೊಸ ಒಡಂಬಡಿಕೆಯ ಕಾಲದಲ್ಲಿ ಚರ್ಚಿನ ಕಟ್ಟಡಗಳೇ ಇರಲಿಲ್ಲ. ಅಕ್ವಿಲ ಪ್ರಿಸ್ಕಿಲ್ಲರ ಮನೆ, ಫಿಲೆಮೋನನ ಮನೆ, ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳ ಮನೆ, ಇವೇ ಸಭೆಗಳು. ಆ ಮನೆಗಳಲ್ಲಿ ನೆಂಟರು, ಆಳುಗಳು, ಗಿರಾಕಿಗಳು ಓಡಾಡಿಕೊಂಡಿದ್ದರು. ಮನೆಯಲ್ಲಿ ಸೇರುವುದರ ಬಲ ಅದೇ. ಮನೆಯಲ್ಲಿ ಸೇರಿಯೂ ಕದ ಹಾಕಿಕೊಂಡರೆ ಆ ಬಲ ಹೋಗುತ್ತದೆ.

ಎರಡನೆಯದು: ಮೂರು ಹೆಸರು

ಪ್ರತಿಯೊಬ್ಬರೂ ಮೂರು ಹೆಸರು ಬರೆದುಕೊಳ್ಳಿ. ದಾರಿಹೋಕರ ಹೆಸರು ಬೇಡ. ನಿಮ್ಮ ಮನೆಯಲ್ಲಿ ಸಾವಾದರೆ ಮೊದಲು ಓಡಿಬರುವವರು ಯಾರು? ಅಂಥವರ ಹೆಸರು. ರೋಮನ್ ಸೇನಾಧಿಕಾರಿ ಕೊರ್ನೇಲ್ಯನು ಯೇಸುವಿನ ಶಿಷ್ಯ ಪೇತ್ರನಿಗಾಗಿ ಕಾಯುತ್ತಿದ್ದಾಗ ಕರೆಸಿಕೊಂಡಿದ್ದು ತನ್ನ ಬಂಧುಗಳನ್ನು, ಹತ್ತಿರದ ಸ್ನೇಹಿತರನ್ನು. ಗೆರಸೇನರ ಸೀಮೆಯಲ್ಲಿ ದೆವ್ವದ ಕಾಟದಿಂದ ವಾಸಿಯಾದ ಮನುಷ್ಯ ಯೇಸುಸ್ವಾಮಿಯ ಜೊತೆ ಹೊರಡುತ್ತೇನೆಂದಾಗ, ನಿನ್ನ ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದು ಕಳುಹಿಸಿದರು.

ಈ ಹೆಸರುಗಳಿಗಾಗಿ ಪ್ರತಿದಿನ ಪ್ರಾರ್ಥಿಸಿ. ಆದರೆ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅವರ ಸಂಸಾರದ ಗುಟ್ಟುಗಳನ್ನು 'ಪ್ರಾರ್ಥನಾ ವಿಷಯ'ದ ಹೆಸರಿನಲ್ಲಿ ಕೂಟದಲ್ಲಿ ಹರಡಬೇಡಿ. ನಮ್ಮಲ್ಲಿ ಒಂದು ಅಳತೆ ಇದೆ: ಆ ವ್ಯಕ್ತಿ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡರೂ ನೋಯದಂತೆ ಪ್ರಾರ್ಥಿಸಬೇಕು. "ಕತ್ತಲಲ್ಲಿರುವ ಈ ಕುಟುಂಬ" ಎಂದು ಶುರುಮಾಡುವ ಪ್ರಾರ್ಥನೆ ಈ ಅಳತೆಗೆ ನಿಲ್ಲದು.

ಮುಂದಿನ ಗುರುವಾರ ಒಬ್ಬರನ್ನೊಬ್ಬರು ಕೇಳಬೇಕಾದ್ದು "ಅವರಿಗೆ ಏನು ಹೇಳಿದೆ?" ಎಂದಲ್ಲ, "ಅವರು ಹೇಳಿದ್ದರಲ್ಲಿ ಏನು ಕೇಳಿಸಿಕೊಂಡೆ?" ಎಂದು. ಆರಂಭದಲ್ಲಿ ಎಲ್ಲರೂ ತಬ್ಬಿಬ್ಬಾಗುತ್ತಾರೆ. ಒಂದೆರಡು ತಿಂಗಳಲ್ಲಿ ಅಭ್ಯಾಸ ಬರುತ್ತದೆ. ಮಗಳ ಮದುವೆಯ ಸಾಲ, ಅತ್ತೆಯ ಮರೆವಿನ ಕಾಯಿಲೆ, ಪಿಯುಸಿಯಲ್ಲಿ ಫೇಲಾದ ಹುಡುಗ, ಇವೆಲ್ಲ ಎದುರುಮನೆಯಲ್ಲೇ ಇದ್ದವು, ನಮಗೆ ಗೊತ್ತಿರಲಿಲ್ಲ.

ಮೂರನೆಯದು: ಸಭೆಯ ಕನ್ನಡವನ್ನು ಬೀದಿಯ ಕನ್ನಡಕ್ಕೆ ತನ್ನಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ನಮ್ಮ ಬಾಯಲ್ಲಿ ಒಂದು ಬೇರೆಯೇ ಕನ್ನಡ ಕೂತಿದೆ, ಅದು ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಎಂಬುದು ನಮಗೆ ತಿಳಿಯುವುದೇ ಇಲ್ಲ.

'ಪಾಪ' ಎಂಬ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಊರಲ್ಲಿ "ಅಯ್ಯೋ ಪಾಪ" ಎಂದರೆ ಕನಿಕರ, ತೊಟ್ಟಿಲ ಮಗುವೂ 'ಪಾಪ', "ಪಾಪಿ" ಎಂದರೆ ಬೈಗುಳ. "ನಾವೆಲ್ಲ ಪಾಪಿಗಳು" ಎಂದು ನಾವು ಸಲೀಸಾಗಿ ಹೇಳುವಾಗ ಕೇಳುವವರಿಗೆ ಒಂದೋ ಬೈದಂತೆ, ಇಲ್ಲವೇ ಹಿಂದಿನ ಜನ್ಮದ ಕರ್ಮದ ಮಾತಿನಂತೆ ಕೇಳುತ್ತದೆ. "ಮಾಡಬಾರದೆಂದು ಗೊತ್ತಿದ್ದೂ ಮಾಡುತ್ತೇನೆ, ದೇವರಿಗೂ ಮನೆಯವರಿಗೂ ಮುಖ ತೋರಿಸಲು ಆಗುವುದಿಲ್ಲ" ಎಂದು ಹೇಳಿ ನೋಡಿ, ತಲೆಯಾಡಿಸದವರು ಯಾರು? 'ರಕ್ಷಣೆ' ಎಂದರೆ ಜನಕ್ಕೆ ಪೊಲೀಸ್ ರಕ್ಷಣೆ ನೆನಪಾಗುತ್ತದೆ. 'ನಿರೀಕ್ಷೆ' ಎಂದರೆ ಬಸ್ಸಿಗೆ ಕಾಯುವುದು. ನಾವು ಹೇಳಬೇಕಾದದ್ದು ಭರವಸೆ.

'ಕೃಪೆ'ಯನ್ನು ವಿವರಿಸಲು ನಮ್ಮ ಕೂಟದ ಮೇಷ್ಟ್ರೊಬ್ಬರು ಕೃಪಾಂಕದ ಹೋಲಿಕೆ ಕೊಟ್ಟರು. ಶಾಲೆಯಲ್ಲಿ ಕೃಪಾಂಕ ಸಿಗುವುದು ನಾಲ್ಕೈದು ಅಂಕ ಸಾಲದ ಹುಡುಗನಿಗೆ. ಬರಿಯ ಹಾಳೆ ಕೊಟ್ಟು ಬಂದವನಿಗೆ ಸಿಗುವುದಿಲ್ಲ. ಯೇಸುಸ್ವಾಮಿಯ ಕೃಪೆ ಆ ಬರಿಯ ಹಾಳೆಯ ಹುಡುಗನಿಗೂ ಇದೆ. ಆ ಸಂಜೆ ಬಂದಿದ್ದ ಇಬ್ಬರು ಅತಿಥಿಗಳೂ ಇದರ ಬಗ್ಗೆ ಅರ್ಧ ಗಂಟೆ ವಾದಿಸಿದರು. ಹಾಗಾದರೆ ಓದಿದವನಿಗೆ ಅನ್ಯಾಯವಲ್ಲವೇ ಎಂದರು. ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ಅಪ್ಪ ಔತಣ ಮಾಡಿದಾಗ ಲೂಕನ 15ನೇ ಅಧ್ಯಾಯದ ಹಿರಿಮಗ ಕೇಳಿದ್ದೂ ಅದನ್ನೇ, ಅವರಿಗೆ ಆ ಕಥೆಯೇ ಗೊತ್ತಿರಲಿಲ್ಲ!

ಇನ್ನು 'ಅನ್ಯಜನ' ಎಂಬ ಮಾತನ್ನು ಬಿಟ್ಟುಬಿಡಿ. ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಕುಡಿದವರನ್ನು ಅನ್ಯರು ಎನ್ನುವ ಬಾಯಿಂದ ಪ್ರೀತಿಯ ಸುದ್ದಿ ಹೊರಡುವುದು ಹೇಗೆ?

ಕ್ರಿಸ್ತನನ್ನು ಕನ್ನಡದಲ್ಲಿ ಹೇಳಹೊರಟವರು ಮೊದಲು ಕನ್ನಡಕ್ಕೆ ಶಿಷ್ಯರಾಗಿದ್ದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಹೊರತಂದರು. ಮಾತು, ಗಾದೆ, ಹಳೆಯ ಕಾವ್ಯ ಎಲ್ಲವನ್ನೂ ಕಲಿತು ಕೂಡಿಸಿದ ದುಡಿಮೆ ಅದು. ನಮ್ಮದು ಹುಟ್ಟಿನಿಂದ ಬಂದ ಭಾಷೆ, ಅಷ್ಟು ಕಷ್ಟವಿಲ್ಲ. ಒಂದು ಸಂಜೆ ಕೂತು ನಾವು ದಿನಾ ಬಳಸುವ ಇಪ್ಪತ್ತು ಸಭೆಯ ಮಾತುಗಳನ್ನು ಬರೆದು, ಒಂದೊಂದನ್ನೂ ಅಜ್ಜಿಗೆ ಹೇಳುವಂತೆ ಬಿಡಿಸಿ ಹೇಳಿ. ಜೋರಾಗಿ ಹೇಳಿ ಅಭ್ಯಾಸ ಮಾಡಿ. ಹೊಸಬರ ಕೈಗೆ ಕೊಡಲು ಸರಳ ಕನ್ನಡದ ಹೊಸ ಅನುವಾದವನ್ನೇ ಆರಿಸಿ. ಹಳೆಯ ಸತ್ಯವೇದದ ಗಾಂಭೀರ್ಯ ನನಗೆ ಬಲು ಪ್ರಿಯ, ಆದರೆ "ಯೇಸು ಹೇಳಿದನು" ಎಂಬ ಏಕವಚನ, "ಮಾಡುವದು" ಎಂಬ ಕಾಗುಣಿತ ಮೊದಲ ಬಾರಿ ಓದುವವರನ್ನು ತಡೆದು ನಿಲ್ಲಿಸುತ್ತವೆ.

ನಾಲ್ಕನೆಯದು: ನಿಮ್ಮ ಸಾಕ್ಷಿ, ಮೂರು ನಿಮಿಷ

ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಸಭೆಯಲ್ಲಿ ಹೇಳುವ ಸಾಕ್ಷಿ ಇಪ್ಪತ್ತು ನಿಮಿಷ ಹರಿಯುತ್ತದೆ. ಅದು ಮನೆಗೆ ಬಂದವರ ಮುಂದೆ ಆಗದು. ನಡೆದ ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. "ಅಪ್ಪ ತೀರಿಕೊಂಡ ವರ್ಷ ಅಣ್ಣನ ಜೊತೆ ಮಾತು ಬಿಟ್ಟಿದ್ದೆ. ಜಮೀನಿನ ವಿಚಾರ. ಕ್ಷಮಿಸಬೇಕು ಎಂಬ ವಾಕ್ಯ ಓದಿದಾಗಲೆಲ್ಲ ಪುಟ ತಿರುಗಿಸುತ್ತಿದ್ದೆ. ಒಂದು ದಿನ ತಿರುಗಿಸಲು ಆಗಲಿಲ್ಲ. ಅವನ ಮನೆಗೆ ಹೋದೆ." ಇಷ್ಟೇ. ಇಂಥದ್ದಕ್ಕೆ ಕೇಳುವವರು ತಾವೇ ಮುಂದಿನ ಪ್ರಶ್ನೆ ಹಾಕುತ್ತಾರೆ.

ಉತ್ಪ್ರೇಕ್ಷೆ ಬೇಡ. ವಾಸಿಯಾಗದ ಕಾಯಿಲೆಯನ್ನು ವಾಸಿಯಾಯಿತೆಂದು ಹೇಳಬೇಡಿ. "ಯೇಸುವನ್ನು ನಂಬಿದ ಮೇಲೆ ಕಷ್ಟವೇ ಇಲ್ಲ" ಎಂಬುದು ನಿಜವಲ್ಲ, ಸೆರೆ, ಏಟು ಎಲ್ಲ ಕಂಡ ಅಪೊಸ್ತಲ ಪೌಲನ ಬದುಕು ನೋಡಿದರೆ ಸಾಕು. ನೀವು ಬೇರೆ ಮನೆತನದ ನಂಬಿಕೆಯಿಂದ ಬಂದವರಾದರೆ, ಹಿಂದಿನ ದೇವರುಗಳನ್ನು ಹೀಗಳೆದು ಕಥೆ ಕಟ್ಟಬೇಡಿ. ನಿಮ್ಮ ತಾಯಿ ದೀಪ ಹಚ್ಚಿ ನಿಮಗಾಗಿ ಬೇಡಿಕೊಂಡಿದ್ದು ಪ್ರೀತಿಯಿಂದಲೇ. ನಮ್ಮ ಭರವಸೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರಿಸಲು ಸಿದ್ಧರಿರಿ, ಆದರೆ ಮೃದುವಾಗಿ ಗೌರವದಿಂದ ಹೇಳಿ ಎಂದು ಪೇತ್ರನ ಮೊದಲ ಪತ್ರ 3:15 ಕಲಿಸುತ್ತದೆ. ಆ ವಾಕ್ಯದ ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡುವವರು ಬಹಳ.

ಐದನೆಯದು: ತೆರೆದ ಸಂಜೆ

ತಿಂಗಳಿಗೊಂದು ಸಂಜೆ ಅತಿಥಿಗಳಿಗೆಂದೇ ಇಡಿ. ಕರೆಯುವಾಗ ವಿಷಯ ಮುಚ್ಚಿಡಬೇಡಿ. ಊಟಕ್ಕೆ ಬನ್ನಿ ಎಂದು ಕರೆದು, ಕೈತೊಳೆದು ಬರುವಷ್ಟರಲ್ಲಿ ಸತ್ಯವೇದ ತೆರೆದರೆ ಅದು ಮೋಸ. "ನಾವು ಕೆಲವರು ಸೇರಿ ಯೇಸುಸ್ವಾಮಿಯ ಜೀವನದ ಒಂದು ಕಥೆ ಓದಿ ಮಾತಾಡುತ್ತೇವೆ, ಆಮೇಲೆ ಊಟ. ಇಷ್ಟವಿದ್ದರೆ ಬನ್ನಿ, ಓದಿದ್ದನ್ನು ಒಪ್ಪಲೇಬೇಕೆಂದೇನಿಲ್ಲ" ಎಂದು ನೇರವಾಗಿ ಹೇಳಿ. ಯೇಸುವಿನ ಬಗ್ಗೆ ಅನುಮಾನ ತೋರಿದ ನತಾನಯೇಲನಿಗೆ ಫಿಲಿಪ್ಪ ವಾದ ಹೂಡಲಿಲ್ಲ; "ಬಂದು ನೋಡು" ಎಂದ.

ಏಳಕ್ಕೆ ಕಾಫಿ, ಕುಶಲ. ಏಳು ಇಪ್ಪತ್ತಕ್ಕೆ ಒಂದೇ ಕೀರ್ತನೆ, ಸಾಹಿತ್ಯದ ಹಾಳೆ ಎಲ್ಲರ ಕೈಗೂ. ತಬಲ, ತಾಳ ಇದ್ದರೆ ಚೆನ್ನ, ಆಂಪ್ಲಿಫೈಯರ್ ಬೇಡ. ಒಮ್ಮೆ ನಮ್ಮ ಡ್ರಮ್ ಸದ್ದಿಗೆ ಪಕ್ಕದ ಮನೆಯ ಎಸ್ಸೆಸ್ಸೆಲ್ಸಿ ಹುಡುಗಿ ಓದಲಾಗದೆ ಮಹಡಿಯ ಮೇಲೆ ಕೂತಿದ್ದಳೆಂದು ಆಮೇಲೆ ತಿಳಿದು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಏಳೂವರೆಗೆ ಓದು. ಒಂದು ಕಥೆಯನ್ನು ಎರಡು ಸಲ ಓದಿ, ಎರಡನೆಯ ಸಲ ಬೇರೆಯವರ ಬಾಯಲ್ಲಿ. ಓದಲು ಬಾರದವರು ಇದ್ದರೆ, ಇದ್ದೇ ಇರುತ್ತಾರೆ, ಓದಿದ ಮೇಲೆ ಒಬ್ಬರು ಪುಸ್ತಕ ಮುಚ್ಚಿ ಕಥೆಯನ್ನು ತಮ್ಮ ಮಾತಲ್ಲಿ ಹೇಳಲಿ. ಹರಿಕಥೆ ಕೇಳಿ ಬೆಳೆದ ಜನ ನಾವು, ಕಥೆ ಕಿವಿಗೇ ಹೆಚ್ಚು ಹತ್ತುತ್ತದೆ.

ಆಮೇಲೆ ನಾಲ್ಕು ಪ್ರಶ್ನೆ. ಇಲ್ಲಿ ಏನು ನಡೆಯಿತು? ನಿಮಗೆ ಯಾವುದು ಹಿಡಿಸಿತು? ಯಾವುದನ್ನು ಒಪ್ಪಲು ಆಗಲಿಲ್ಲ? ಈ ಯೇಸು ಎಂಥವರೆಂದು ಅನ್ನಿಸುತ್ತದೆ? ಮೂರನೆಯದನ್ನು ಬಿಡಲೇಬೇಡಿ. ಅದನ್ನು ಕೇಳಿದಾಗಲೇ ಅತಿಥಿಗಳು ಬೆನ್ನು ಒರಗಿಸಿ ಕೂರುತ್ತಾರೆ, ಇಲ್ಲಿ ಬಾಯಿಬಿಟ್ಟು ಮಾತಾಡಬಹುದು ಎಂದು ಗೊತ್ತಾಗುತ್ತದೆ. ಕೂಟದವರು ಅತಿಥಿಗಳಿಗಿಂತ ಕಡಿಮೆ ಮಾತಾಡಲಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ನಮ್ಮ ಸಭಾಪಾಲಕರಾದ ಅಯ್ಯನವರನ್ನು ಕೇಳಿ ಮುಂದಿನ ಸಲ ಹೇಳುತ್ತೇನೆ" ಅನ್ನಿ, ಹೇಳಿದಂತೆ ಕೇಳಿಕೊಂಡು ಬನ್ನಿ.

ಎಂಟು ತಿಂಗಳಿಗೆ ನಾವು ಆರಿಸಿದ ಕಥೆಗಳಿವು: ಮಾಳಿಗೆ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿ (ಮಾರ್ಕ 2), ಬಿರುಗಾಳಿ (ಮಾರ್ಕ 4), ರಕ್ತಸ್ರಾವದ ಹೆಂಗಸು ಮತ್ತು ಯಾಯೀರನ ಮಗಳು (ಮಾರ್ಕ 5), ಬಾವಿಯ ಹತ್ತಿರದ ಸಮಾರ್ಯದ ಹೆಂಗಸು (ಯೋಹಾನ 4), ತಪ್ಪಿಹೋದ ಮಗ (ಲೂಕ 15), ಜಕ್ಕಾಯ (ಲೂಕ 19), ಶಿಲುಬೆ (ಮಾರ್ಕ 15), ಎಮ್ಮಾಹುವಿನ ದಾರಿ (ಲೂಕ 24). ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವಳ ಕೈಯಿಂದ ಯೇಸು ನೀರು ಕೇಳುವ ಬಾವಿಯ ಕಥೆಯಲ್ಲಿ ನೀರು ಮುಟ್ಟುವ ವಿಚಾರ, ಜಾತಿಯ ವಿಚಾರ ತಾನಾಗಿಯೇ ಬರುತ್ತದೆ. ಬರಲಿ. ನಮ್ಮ ಸಭೆಗಳೊಳಗೂ ಜಾತಿ ಇದೆ ಎಂದು ಅತಿಥಿಯೊಬ್ಬರು ಹೇಳಿದಾಗ ನಾವು ಇಲ್ಲವೆನ್ನಲಿಲ್ಲ. ಮದುವೆಯ ಮಾತು ಬಂದಾಗ ನಾವೇನು ಮಾಡುತ್ತೇವೆಂದು ನಮಗೇ ಗೊತ್ತು.

ಎಂಟೂಕಾಲಿಗೆ ಚಿಕ್ಕ ಪ್ರಾರ್ಥನೆ. "ನಿಮಗಾಗಿ ಪ್ರಾರ್ಥಿಸಬಹುದೇ?" ಎಂದು ಕೇಳಿ, ಬೇಡವೆಂದರೆ ಬಿಡಿ. ತಲೆಯ ಮೇಲೆ ಕೈಯಿಡುವುದು, ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸುವುದು ಆ ಸಂಜೆ ಬೇಡ. ಕಾಣಿಕೆಯ ಚೀಲ ತಿರುಗಿಸಬೇಡಿ. ಫೋಟೋ ತೆಗೆಯಬೇಡಿ; ಅತಿಥಿಯ ಮುಖ ಯಾರದೋ ಸ್ಟೇಟಸ್‌ನಲ್ಲಿ ಕಂಡರೆ ಅವರ ಮನೆಯಲ್ಲಿ ಏನಾಗುತ್ತದೋ ನಿಮಗೆ ತಿಳಿಯದು.

ಊಟ ಸಸ್ಯಾಹಾರವೇ ಇರಲಿ, ಚಿತ್ರಾನ್ನ, ಮೊಸರನ್ನ, ಒಂದು ಪಾಯಸ. ಅವರು ಕರೆದರೆ ಅವರ ಮನೆಗೂ ಹೋಗಿ, ಬಡಿಸಿದ್ದನ್ನು ಊಟ ಮಾಡಿ. ಶಿಷ್ಯರನ್ನು ಕಳುಹಿಸುವಾಗ ಯೇಸುಸ್ವಾಮಿ ಹೇಳಿದ್ದೂ ಅದೇ. ನೈವೇದ್ಯದ ಪ್ರಸಾದ ತೆಗೆದುಕೊಳ್ಳಲು ಮನಸ್ಸು ಒಪ್ಪದಿದ್ದರೆ ಎರಡೂ ಕೈ ಜೋಡಿಸಿ ಒಂದು ಮಾತಿನಲ್ಲಿ ಹೇಳಿ, ಭಾಷಣ ಬೇಡ. ಸಂಕ್ರಾಂತಿಗೆ ಎಳ್ಳುಬೆಲ್ಲ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಡಿಸೆಂಬರಿನಲ್ಲಿ ಮಾತ್ರ ನಮ್ಮ ರೋಸ್ ಕುಕ್ಕೀಸ್, ಕಲ್ಕಲ್ ತಟ್ಟೆ ಹಿಡಿದು ಹೋದರೆ ಅದು ಸ್ನೇಹವಲ್ಲ.

ಆರನೆಯದು: ಸಹಾಯ ಬೇರೆ, ಆಮಿಷ ಬೇರೆ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1906ರಲ್ಲಿ ಆರಂಭವಾದ ಆ ಆಸ್ಪತ್ರೆಯಲ್ಲಿ ಎಲ್ಲ ಮತದ ಹೆಣ್ಣುಮಕ್ಕಳೂ ಹೆತ್ತು, ಮಗುವನ್ನೆತ್ತಿಕೊಂಡು ತಮ್ಮ ತಮ್ಮ ಮನೆಗೆ ಹೋಗಿದ್ದಾರೆ. ಸಣ್ಣ ಕೂಟಕ್ಕೆ ಆಸ್ಪತ್ರೆ ಕಟ್ಟಲು ಆಗದು, ಆಸ್ಪತ್ರೆಯಲ್ಲಿ ರಾತ್ರಿ ರೋಗಿಯ ಪಕ್ಕ ಕೂರಲು ಆಗುತ್ತದೆ. ರಕ್ತ ಕೊಡುವುದು, ಪಿಂಚಣಿ ಅರ್ಜಿ ತುಂಬಿಸುವುದು, ಸಾವಿನ ಮನೆಗೆ ಅನ್ನ ಸಾರು ಕಳಿಸುವುದು. ಇವನ್ನು ಮಾಡಿ, ಮಾಡುವಾಗ ಕೂಟಕ್ಕೆ ಕರೆಯಬೇಡಿ. ಅವರು ಎಂದೂ ಬರದಿದ್ದರೂ ಮಾಡಿ. ಅಕ್ಕಿ ಚೀಲ ಕೊಟ್ಟ ಕೈಯಲ್ಲೇ ಆಹ್ವಾನ ಪತ್ರ ಕೊಟ್ಟರೆ, ಪಡೆದವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಬೇಡವೆನ್ನಲಾಗದವರು 'ಹೂಂ' ಎಂದರೆ ಅದು ನಂಬಿಕೆಯೂ ಅಲ್ಲ.

ಇದು ಕಾನೂನಿನ ಮಾತೂ ಹೌದು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಕೊಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರವನ್ನು ಅಪರಾಧವೆನ್ನುತ್ತದೆ. ಹಣ, ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣದ ಭರವಸೆ ಎಲ್ಲವೂ ಆಮಿಷದ ಪಟ್ಟಿಯಲ್ಲಿವೆ. ಮತ ಬದಲಿಸುವವರೂ ಅದನ್ನು ನಡೆಸಿಕೊಡುವವರೂ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂಬ ನಿಯಮ ಅದರಲ್ಲಿದೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೊಂದರಿಂದಲೇ ಕಾಯ್ದೆ ಅಳಿಯುವುದಿಲ್ಲ, ಆದ್ದರಿಂದ ದೀಕ್ಷಾಸ್ನಾನದ, ಅಂದರೆ ಕ್ರೈಸ್ತ ಸಭೆಗೆ ಸೇರುವ ವಿಧಿಯ, ಮಾತು ಬಂದ ದಿನವೇ ಸಭೆಯ ಹಿರಿಯರೂ ವಕೀಲರೂ ಕೂತು ಮಾತಾಡಲಿ.

ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ತಂದೆತಾಯಿ ಒಪ್ಪದೆ ಬೇರೆ ಮನೆಯ ಮಕ್ಕಳನ್ನು ಕೂಟಕ್ಕೂ ಸಂಡೇ ಸ್ಕೂಲಿಗೂ ಕರೆಯಬೇಡಿ. ಕಾಯಿಲೆಯವರಿಗೆ ಪ್ರಾರ್ಥಿಸಿ, ಮಾತ್ರೆ ನಿಲ್ಲಿಸಿ ಎಂದು ಯಾರೂ ಹೇಳಕೂಡದು, ಕೂಟದಲ್ಲಿ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ.

ಏಳನೆಯದು: ಒಬ್ಬರು ಇನ್ನಷ್ಟು ಕೇಳಿದಾಗ

ಅವಸರ ಮಾಡಬೇಡಿ. ನಮಗೆ ಆನಂದದಿಂದ ಎದೆ ತುಂಬುತ್ತದೆ, ನಾಳೆಯೇ ದೀಕ್ಷಾಸ್ನಾನ ಕೊಡಿಸೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಅಂಥವರ ಜೊತೆ ಕೂಟದ ಒಬ್ಬರು, ಹೆಂಗಸರಾದರೆ ಹೆಂಗಸರೇ, ವಾರಕ್ಕೊಮ್ಮೆ ಕೂತು ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನೂ ಓದಲಿ. ನಾಲ್ಕು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಅವರಿಗೇ ತಿಳಿಯುತ್ತದೆ. ಸಭಾಪಾಲಕರಿಗೆ ಆರಂಭದಲ್ಲೇ ಹೇಳಿ.

ಮನೆಯವರನ್ನು ಮರೆಮಾಚಿ ಏನನ್ನೂ ನಡೆಸಬೇಡಿ. ಹೆಂಡತಿಗೆ ಗೊತ್ತಿಲ್ಲದೆ ಗಂಡನಿಗೆ, ವಯಸ್ಸಾದ ತಾಯಿಗೆ ಗೊತ್ತಿಲ್ಲದೆ ಮಗನಿಗೆ ಗುಟ್ಟಿನ ದಾರಿ ತೋರಿಸುವುದು ನಮ್ಮ ಕೆಲಸವಲ್ಲ. "ಮನೆಯಲ್ಲಿ ಹೇಳಿದ್ದೀರಾ? ಏನಂದರು?" ಎಂದು ಕೇಳಿ. ನಂಬಿಕೆ ಬಂದ ಸೊಸೆ ಅತ್ತೆಯನ್ನು ಮುಂಚಿಗಿಂತ ಚೆನ್ನಾಗಿ ನೋಡಿಕೊಂಡರೆ ಆ ಮನೆಗೆ ಅದೇ ಮೊದಲ ಸಾಕ್ಷಿ. ಹೆಸರು ಬದಲಿಸಿ, ಬೊಟ್ಟು ಅಳಿಸಿ, ಬಳೆ ತೆಗೆಯಿರಿ ಎಂಬ ಒತ್ತಾಯ ಬೇಡ.

ಕೂಟಕ್ಕೆ ಬಂದು ಹೋಗುವವರಲ್ಲಿ ಹೆಚ್ಚಿನವರು ಇಲ್ಲಿಯವರೆಗೆ ಬರುವುದಿಲ್ಲ. ಎದುರುಮನೆಯ ಆಂಟಿ ಐದು ವರ್ಷದಿಂದ ತೆರೆದ ಸಂಜೆಗೆ ಬರುತ್ತಾರೆ, ಜಕ್ಕಾಯನ ಕಥೆಯನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ, ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುತ್ತಾರೆ. ಯೇಸುಸ್ವಾಮಿಯನ್ನು ಅವರು ತಿಳಿಯಲಿ ಎಂಬ ಆಸೆ ನನಗೆ ಇಂದಿಗೂ ಇದೆ, ಅದನ್ನು ಅವರಿಗೇ ಹೇಳಿದ್ದೇನೆ. "ಇರಲಿ ಬಿಡಮ್ಮ, ನಿನ್ನ ಆಸೆ ನಿನಗೆ" ಎಂದು ನಕ್ಕರು. ಹೋದ ತಿಂಗಳು ನನಗೆ ಜ್ವರ ಬಂದಾಗ ಗಂಜಿ ತಂದವರು ಅವರೇ.

ಎಂಟನೆಯದು: ಕೂಟ ಎರಡಾಗುವಾಗ

ಹದಿನೈದು ಜನ ದಾಟಿದರೆ ಮಾತಾಡುವವರು ನಾಲ್ಕೇ ಜನ, ಉಳಿದವರು ಶ್ರೋತೃಗಳು. ಆಗ ಎರಡಾಗಿ. ಗಟ್ಟಿಗರೆಲ್ಲ ಹಳೆಯ ಮನೆಯಲ್ಲೇ ಉಳಿಯಬಾರದು. ಚೆನ್ನಾಗಿ ಕೇಳಿಸಿಕೊಳ್ಳುವವರೊಬ್ಬರು, ಹಾಡುವವರೊಬ್ಬರು ಹೊಸ ಮನೆಗೆ ಹೋಗಲಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ, ಅಪಾರ್ಟ್‌ಮೆಂಟಾದರೆ ಸಂಘದವರಿಗೆ ತಿಳಿಸಿ, ಗಾಡಿಗಳನ್ನು ಬೇರೆಯವರ ಗೇಟಿನ ಮುಂದೆ ನಿಲ್ಲಿಸಬೇಡಿ. ಮೊದಲ ಕೂಟದ ಹಿಂದಿನ ದಿನ ಮನೆಯವರು ಅಕ್ಕಪಕ್ಕದ ನಾಲ್ಕೂ ಮನೆಗೆ ಹೋಗಿ, "ನಾಳೆಯಿಂದ ಗುರುವಾರ ಗುರುವಾರ ನಮ್ಮಲ್ಲಿ ಪ್ರಾರ್ಥನೆ ಇರುತ್ತೆ, ಒಂಬತ್ತರೊಳಗೆ ಮುಗಿಯುತ್ತೆ, ಸದ್ದು ಜಾಸ್ತಿ ಅನ್ನಿಸಿದರೆ ಬಾಗಿಲು ತಟ್ಟಿ ಹೇಳಿ, ಕೂತು ಕೇಳಬೇಕು ಅನ್ನಿಸಿದರೆ ತಟ್ಟದೆಯೇ ಒಳಗೆ ಬನ್ನಿ" ಎಂದು ಹೇಳಿಬರಲಿ.